ಕೋಪಾನ್ ನಗರದ ಹದಿನಾರು ಅರಸರು

ಮಧ್ಯ ಅಮೆರಿಕದ ಹೊಂಡುರಾಸ್ ದೇಶದ ಪಶ್ಚಿಮದ ಅಂಚಿನಲ್ಲಿ, ಗ್ವಾಟೆಮಾಲದ ಗಡಿಗೆ ಸಮೀಪವಾಗಿ, ಕೋಪಾನ್ ಎಂಬ ನದಿಯು ಹರಿಯುತ್ತದೆ. ಕ್ರಿ.ಶ. ಐದನೆಯ ಶತಮಾನದಿಂದ ಒಂಬತ್ತನೆಯ ಶತಮಾನದ ಆರಂಭದವರೆಗೆ ಅದರ ದಡದಲ್ಲಿ ಮಾಯಾ ಜನರ ಒಂದು ರಾಜಧಾನಿಯು ವೈಭವದಿಂದ ಮೆರೆಯಿತು. ೧೮೩೯ರಲ್ಲಿ ಅಮೆರಿಕದ ಪ್ರವಾಸಿ ಜಾನ್ ಲಾಯ್ಡ್ ಸ್ಟೀಫನ್ಸ್ ಮತ್ತು ಆಂಗ್ಲ ಚಿತ್ರಕಾರ ಫ್ರೆಡರಿಕ್ ಕ್ಯಾದರ್‌ವುಡ್ ಅಲ್ಲಿಗೆ ಬಂದಾಗ ನಗರವನ್ನು ಕಾಡು ಮುಚ್ಚಿದ್ದಿತು. ಮರಗಳ ನಡುವೆ ಆಳೆತ್ತರವನ್ನು ಮೀರಿದ ಶಿಲಾಸ್ತಂಭಗಳು ನಿಂತಿದ್ದುವು. ಅವುಗಳ ಮುಖದಲ್ಲಿ ಅಲಂಕೃತ ಪುರುಷರ ವಿಗ್ರಹಗಳು. ಪಕ್ಕದಲ್ಲಿಯೂ ಬೆನ್ನಿನಲ್ಲಿಯೂ ಯಾರೂ ಓದಲಾರದ ಲಿಪಿ. ಈ ಕಲ್ಲುಗಳ ಮೇಲೆ ನಗರದ ಇತಿಹಾಸವೇ ಬರೆದಿರಬೇಕೆಂದು ಸ್ಟೀಫನ್ಸ್ ಊಹಿಸಿದನು. ಆ ಊಹೆಯು ಸಿದ್ಧವಾಗಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಏಕೆ ಹಿಡಿಯಿತು, ಕೊನೆಗೆ ಹೇಗೆ ಸಿದ್ಧವಾಯಿತು ಎಂಬುದು ವಿಜ್ಞಾನದ ವಿದ್ಯಾರ್ಥಿಗಳು ತಿಳಿಯತಕ್ಕ ಸಂಗತಿ.

ಮಾಯಾ ನಗರಗಳಲ್ಲಿ ಬಹುಪಾಲು ಸುಣ್ಣಕಲ್ಲಿನ ಸೀಮೆಯವು. ಕೋಪಾನಿನ ಶಿಲ್ಪಿಗಳಿಗಾದರೋ ಜ್ವಾಲಾಮುಖಿಯ ಬೂದಿಯು ಗಟ್ಟಿಗೊಂಡು ಆದ, ಹಸುರು ಛಾಯೆಯ ಮೃದುವಾದ ಕಲ್ಲು ದೊರೆಯಿತು. ಅವರಲ್ಲಿ ಲೋಹದ ಉಳಿಗಳಿರಲಿಲ್ಲ. ಕಲ್ಲನ್ನು ಕಲ್ಲಿನಿಂದಲೇ ಕಡೆಯಬೇಕಾಗಿತ್ತು. ಆದರೂ ಹಿನ್ನೆಲೆಯಿಂದ ಎದ್ದು ಹೊರಬಂದಂತೆ ತೋರುವ ವಿಗ್ರಹಗಳನ್ನು ಅವರು ಕಡೆದರು.

ಲಿಪಿಯಲ್ಲಿ ಮೊದಲು ತಿಳಿದುಬಂದುದು ಅಂಕಿಗಳು. ಒಂದು ಚುಕ್ಕೆ ಎಂದರೆ ಒಂದು. ಒಂದು ಅಡ್ಡಗೆರೆ ಎಂದರೆ ಐದು. ಸೊನ್ನೆಗೂ ಪ್ರತ್ಯೇಕ ಚಿಹ್ನೆ ಉಂಟು. ಕಾಲಗಣನೆಯಲ್ಲಿ ೨೦ ದಿನಗಳಿಗೆ ಒಂದು ಉಯಿನಾಲ್, ೧೮ ಉಯಿನಾಲ್‌ಗಳಿಗೆ ಒಂದು ತುನ್, ೨೦ ತುನ್‌ಗಳಿಗೆ ಒಂದು ಕಾತುನ್, ೨೦ ಕಾತುನ್‌ಗಳಿಗೆ ಒಂದು ಬಾಕ್ತುನ್. ಎಂದರೆ ತುನ್ ೩೬೦ ದಿನ, ಕಾತುನ್ ೭,೨೦೦ ದಿನ, ಬಾಕ್ತುನ್ ೧,೪೪,೦೦೦ ದಿನ. ಈ ಎಣಿಕೆಯ ಮೊದಲು ಕ್ರಿ.ಪೂ. ೩೧೧೪ರ ಆಗಸ್ಟ್. ಉದಾಹರಣೆಗೆ ೯ ಬಾಕ್ತುನ್, ೧೫ ಕಾತುನ್, ೬ ತುನ್, ೧೪ ಉಯಿನಾಲ್, ೬ ದಿನ ಎಂಬ ತೇದಿಯನ್ನು ತೆಗೆದುಕೊಳ್ಳೋಣ. ಕೂಡಿದರೆ ೧೪,೦೬,೪೪೬ ದಿನಗಳಾಗುತ್ತವೆ. ಅದು ೩೮೫೦ ವರ್ಷಗಳೂ ಸುಮಾರು ೨೬೩ ದಿನಗಳೂ ಆಗುವುದರಿಂದ, ಕ್ರಿ.ಶ. ೭೩೮ಕ್ಕೆ ಬಂದು ನಿಲ್ಲುತ್ತದೆ. ಆ ದಿನ ನಡೆದುದೇನೆಂಬುದನ್ನು ಮುಂದೆ ನೋಡೋಣ.

ಅಂಕಿಗಳು ತಿಳಿದು ಅಕ್ಷರಗಳು ತಿಳಿಯದಿದ್ದುದರಿಂದ ಒಂದು ಅನರ್ಥವಾಯಿತು. ಮಾಯಾ ಶಾಸನಗಳಲ್ಲಿ ಇರುವುದೆಲ್ಲ ಕಾಲ ಮತ್ತು ಗ್ರಹಗತಿಯ ಗಣಿತವೇ ಎಂದು ಅನೇಕ ವಿದ್ವಾಂಸರು ನಂಬಿದರು. ಕೋಪಾನಿನ ೧೬ನೆಯ ಸಂಖ್ಯೆಯ ಪಿರಮಿಡ್ಡಿನ ಬುಡದಲ್ಲಿ ಚೌಕಾಕಾರದ ಒಂದು ಕಲ್ಲುಪೀಠವಿದೆ. ಅದನ್ನು ‘ಕ್ಯೂ’ ಪೀಠವೆಂದು ಕರೆಯುತ್ತಾರೆ. ಅದರ ನಾಲ್ಕು ಪಕ್ಕಗಳಲ್ಲಿಯೂ ನಾಲ್ವರಂತೆ ಹದಿನಾರು ಜನರು ಕುಳಿತಿದ್ದಾರೆ. ಪಂಚಾಂಗವನ್ನು ತಿದ್ದಲು ನೆರೆದ ಜ್ಯೋತಿರ್ವಿದರ ಸಭೆ ಇದು ಎಂಬ ವ್ಯಾಖ್ಯಾನವು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ರಚಾರದಲ್ಲಿದ್ದಿತು. ನಮಗೆ ಓದಲು ಬರುವ ಭಾಗವನ್ನೇ ಇಡೀ ಗ್ರಂಥವೆಂದು ಭಾವಿಸಿದರೆ ಹೀಗಾಗುತ್ತದೆ.

೧೯೫೨ರಲ್ಲಿ ರಷ್ಯದ ಯೂರಿ ಕ್ನೋರೊಸೊವ್, ಈ ಲಿಪಿಯಲ್ಲಿ ಉಚ್ಚಾರಣೆಯನ್ನು ತಿಳಿಸುವ ಅಕ್ಷರಗಳಿವೆ ಎಂದು ತೋರಿಸಿದನು. ೧೯೬೦ರಲ್ಲಿ ತಾತ್ಯಾನಾ ಪ್ರಾಸ್ಕೂರಿಯಾಕಾಫ್ ಎಂಬ ವಿದುಷಿಯು ಪಿಯೆದ್ರಾಸ್ ನೆಗ್ರಾಸ್ ಎಂಬ ಬೇರೊಂದು ನಗರದ ಸ್ತಂಭಗಳನ್ನು ಪರಿಶೀಲಿಸಿ, ಒಂದೊಂದು ಗುಂಪಿನ ತೇದಿಗಳೂ ಒಬ್ಬ ಮನುಷ್ಯನ ಆಯುಷ್ಯಕ್ಕೆ ಮೀರಿಲ್ಲವೆಂಬುದನ್ನು ಕಂಡುಕೊಂಡಳು. ಗ್ರಹಗಳು ಹುಟ್ಟಿ ಪಟ್ಟವೇರಿ ಸಾಯುವುದಿಲ್ಲ; ಅರಸರು ಹಾಗೆ ಮಾಡುತ್ತಾರೆ. ಅಂದಿನಿಂದ ‘ಕ್ಯೂ’ ಪೀಠದ ಅರ್ಥವೂ ಕ್ರಮವಾಗಿ ಬೆಳಕಿಗೆ ಬಂದಿತು. ಹದಿನಾರು ಜನರೂ ಕೋಪಾನಿನ ದೊರೆಗಳು. ೪೨೭ರಲ್ಲಿ ಅಲ್ಲಿಗೆ ಬಂದ ವಂಶಸ್ಥಾಪಕ ಯಾಷ್ ಕೂಕ್ ಮೋ, ೭೬೩ರಲ್ಲಿ ಪಟ್ಟಕ್ಕೆ ಬಂದ ಹದಿನಾರನೆಯ ದೊರೆ ಯಾಷ್ ಪಸಾಹ್‌ನಿಗೆ ಎದುರಾಗಿ ಕುಳಿತು ಅಧಿಕಾರದಂಡವನ್ನು ನೀಡುತ್ತಿದ್ದಾನೆ.

ಆದರೆ ಇಲ್ಲಿ ಒಂದು ಸಂದೇಹವು ಏಳಬೇಕು. ಪೀಠವನ್ನು ಕೆತ್ತಿಸಿದುದು ೭೭೬ರಲ್ಲಿ. ಸ್ಥಾಪಕನು ಬಂದು ಆಗಲೇ ಮೂರೂವರೆ ಶತಮಾನಗಳು ಕಳೆದಿದ್ದುವು. ತನ್ನ ಸಿಂಹಾಸನವನ್ನು ಭದ್ರಪಡಿಸಿಕೊಳ್ಳಲು ಅರಸನು ಒಬ್ಬ ಮೂಲಪುರುಷನನ್ನು ಕಲ್ಪಿಸಿಕೊಂಡಿರಬಾರದೇಕೆ? ಶಾಸನವನ್ನು ಶಾಸನದಿಂದಲೇ ಪರೀಕ್ಷಿಸಲಾಗದು. ಬೇರೊಂದು ಸಾಕ್ಷಿ ಬೇಕು.

ಅದು ಅದೇ ಪಿರಮಿಡ್ಡಿನ ಒಳಗೆ ದೊರೆಯಿತು. ಮಾಯಾ ಜನರು ಹಳೆಯ ಕಟ್ಟಡದ ಮೇಲೆಯೇ ಹೊಸದನ್ನು ಕಟ್ಟುತ್ತಿದ್ದರು. ಸುರಂಗಗಳನ್ನು ತೋಡಿದಾಗ ೧೯೮೯ರಲ್ಲಿ ಬಣ್ಣವೂ ಮಾಸದ ಒಂದು ಇಡೀ ದೇವಾಲಯವು ಅದರ ಗರ್ಭದಲ್ಲಿ ಕಂಡುಬಂದಿತು. ಮುಂದಿನ ದಶಕದಲ್ಲಿ ರಾಬರ್ಟ್ ಶೇರರ್ ಅವರ ತಂಡವು ಅತ್ಯಂತ ಕೆಳಗಿನ ಸ್ತರದಲ್ಲಿ, ಐವತ್ತು ವರ್ಷ ದಾಟಿದ ಒಬ್ಬ ಪುರುಷನ ಸಮಾಧಿಯನ್ನು ಕಂಡುಹಿಡಿಯಿತು. ಈತನ ಹಲ್ಲುಗಳೇ ಸಾಕ್ಷಿ ನುಡಿದುವು. ಶಿಲೆಗಳಲ್ಲಿರುವ ರುಬಿಡಿಯಂ-೮೭ ಕ್ಷಯಿಸಿ ಸ್ಟ್ರಾನ್ಷಿಯಂ-೮೭ ಆಗುತ್ತದೆ. ಆದುದರಿಂದ ಸ್ಟ್ರಾನ್ಷಿಯಂ-೮೭ ಮತ್ತು ೮೬ರ ಪ್ರಮಾಣವು ಶಿಲೆಯಿಂದ ಶಿಲೆಗೆ ಬೇರೆಯಾಗಿರುತ್ತದೆ. ನೀರು ಮತ್ತು ಆಹಾರದ ಮೂಲಕ ಅದು ಬೆಳೆಯುವ ಮಗುವಿನ ಹಲ್ಲಿನ ಹೊರಕವಚವನ್ನು ಸೇರುತ್ತದೆ. ಆ ಕವಚವು ಮತ್ತೆ ಬದಲಾಗದು. ಈ ಪುರುಷನ ಹಲ್ಲಿನ ಪ್ರಮಾಣವು ಕೋಪಾನಿನ ನೆಲಕ್ಕೆ ಹೊಂದಲಿಲ್ಲ. ಅವನು ಬಾಲ್ಯವನ್ನು ಉತ್ತರದ ಸುಣ್ಣಕಲ್ಲಿನ ಸೀಮೆಯಲ್ಲಿ ಕಳೆದವನೆಂದು ಅದು ಸೂಚಿಸಿತು. ಇದಲ್ಲದೆ ಅವನ ಬಲ ಮುಂಗೈಯ ಮೂಳೆ ಹಿಂದೊಮ್ಮೆ ಮುರಿದಿದ್ದಿತು. ಪೀಠದ ಮೇಲಿನ ಸ್ಥಾಪಕನೂ ಬಲಗೈಗೇ ಸಣ್ಣ ಗುರಾಣಿಯನ್ನು ಕಟ್ಟಿಕೊಂಡಿದ್ದಾನೆ. ಹಲ್ಲು ಹೆಸರನ್ನು ಹೇಳಲಾರದು, ನಿಜ. ಆದರೂ ಇಷ್ಟು ಸಾಕ್ಷ್ಯಗಳು ಒಂದೆಡೆ ಕೂಡಿದಾಗ ಇವನೇ ಸ್ಥಾಪಕನಿರಬೇಕೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ಹಾಗೆಂದು ಶಾಸನಗಳನ್ನೆಲ್ಲ ಕಣ್ಣುಮುಚ್ಚಿ ನಂಬುವಂತಿಲ್ಲ. ನಾವು ಲೆಕ್ಕಹಾಕಿದ ೭೩೮ರ ಆ ದಿನ, ಮಹಾ ಅಂಗಣದ ಸುಂದರ ಸ್ತಂಭಗಳನ್ನು ನಿಲ್ಲಿಸಿದ ಹದಿಮೂರನೆಯ ದೊರೆಯು ಹತನಾದನು. ಕೋಪಾನಿಗೆ ಅಧೀನವಾಗಿದ್ದ ಕಿರಿಗುವಾ ಎಂಬ ಚಿಕ್ಕ ಪಟ್ಟಣದ ಒಡೆಯನು ಅವನ ತಲೆಯನ್ನು ಕಡಿದನೆಂದು ಅಲ್ಲಿಯ ಶಾಸನಗಳು ಹೆಮ್ಮೆಯಿಂದ ಸಾರುತ್ತವೆ. ಕೋಪಾನಿನ ಶಾಸನವಾದರೋ ಆಯುಧ ಮತ್ತು ಗುರಾಣಿಗಳಿಂದ ಅವನ ಅಂತ್ಯವಾಯಿತೆಂದು, ಎಂದರೆ ವೀರಮರಣವೆಂಬಂತೆ, ಬರೆದುಕೊಂಡಿದೆ. ಸೋತ ನಗರವು ಮಾನವನ್ನುಳಿಸಿಕೊಳ್ಳಲು ಸುಮಾರು ೨೨೦೦ ಅಕ್ಷರಚಿಹ್ನೆಗಳ ಒಂದು ಮಹಾಸೋಪಾನವನ್ನು ಪೂರ್ಣಗೊಳಿಸಿತು. ಮಾಯಾ ಶಾಸನಗಳಲ್ಲಿ ಅದಕ್ಕಿಂತ ದೀರ್ಘವಾದುದು ತಿಳಿದಿಲ್ಲ. ಕಾಲಾಂತರದಲ್ಲಿ ಅದು ಕುಸಿಯಿತು. ೧೯೩೦ರ ದಶಕದಲ್ಲಿ ಅದನ್ನು ಮತ್ತೆ ಜೋಡಿಸಿದವರಿಗೆ ಲಿಪಿಯನ್ನು ಓದಲು ಬರುತ್ತಿರಲಿಲ್ಲವಾದ್ದರಿಂದ, ಬಹುಪಾಲು ಕಲ್ಲುಗಳು ಇಂದಿಗೂ ಕ್ರಮತಪ್ಪಿ ನಿಂತಿವೆ.

ಕೋಪಾನಿನ ಕೊನೆಯ ಅರಸಶಾಸನವು ೮೨೨ರದು. ಹದಿನಾರನೆಯವನ ಎದುರಿಗೆ ಹೊಸ ದೊರೆಯೊಬ್ಬನು ಕುಳಿತಿರುವಂತೆ ಕೆತ್ತಿರುವ ಚಿಕ್ಕ ಪೀಠವದು. ಅದರ ಒಂದು ಪಕ್ಕ ಮಾತ್ರ ಪೂರ್ಣವಾಗಿದೆ. ಎರಡನೆಯದರಲ್ಲಿ ಕೆಲಸವು ಆರಂಭವಾಗಿ ನಿಂತುಹೋಗಿದೆ. ಉಳಿದ ಎರಡು ಪಕ್ಕಗಳಲ್ಲಿ ಉಳಿಯ ಗುರುತೇ ಇಲ್ಲ.