ಅಡುಗೆಮನೆಯ ನೆಲ: ಹೊಸದನ್ನು ಹಾಸುವ ಮೊದಲು

ಕಾಫಿ ಕುಯ್ಲು, ಅಡಿಕೆ ಸುಲಿತ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲದಲ್ಲಿ ಮನೆ ದುರಸ್ತಿಯ ಯೋಚನೆ ಬರುವುದು ಸಹಜ. ಅಡುಗೆಮನೆಯ ನೆಲದ ಮಾತು ಮೊದಲು ಬರುತ್ತದೆ. ಮೂಲೆ ಎದ್ದ ಬಿಲ್ಲೆಗೆ ಕಾಲು ತಾಗಿ, ಬಿಸಿ ಸಾರಿನ ಪಾತ್ರೆ ಹಿಡಿದವರು ಎಡವಿದರೆ ಆಗುವ ಅನಾಹುತ ಸಣ್ಣದಲ್ಲ. ಆದರೆ ಹಳೆಯ ನೆಲ ಏಕೆ ಕೆಟ್ಟಿತೆಂದು ತಿಳಿಯದೆ ಅದರ ಮೇಲೆಯೇ ಹೊಸ ಟೈಲ್ಸ್ ಹಾಸುವುದೆಂದರೆ, ಬುಡಕ್ಕೆ ಅಣಬೆ ರೋಗ ಹಿಡಿದ ಅಡಿಕೆ ಮರದ ಗೊನೆಗೆ ಬೋರ್ಡೋ ದ್ರಾವಣ ಹೊಡೆದಂತೆ. ಹಣವೂ ಹೋಯಿತು, ರೋಗವೂ ಉಳಿಯಿತು.

ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡುಗಳಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗಳೂ ಬಳಕೆಗೆ ಬಂದವು. ಇಂಥ ಹಳೆಯ ನೆಲದಡಿ ಸಾಮಾನ್ಯವಾಗಿ ಇರುವುದು ಗಟ್ಟಿಸಿದ ಮಣ್ಣು, ಅದರ ಮೇಲೆ ಸುಣ್ಣದ ಗಾರೆ. ಮಣ್ಣು ಕುಸಿದರೆ, ಇಲಿ ಬಿಲ ತೋಡಿದರೆ, ತೊಟ್ಟಿಯ ಕೊಳವೆ ಸೋರಿದರೆ ಅಥವಾ ಮಳೆಗಾಲದಲ್ಲಿ ಶೀತ ಏರಿದರೆ ಬಿಲ್ಲೆ ಸಡಿಲುತ್ತದೆ.

ಪರೀಕ್ಷೆ: ಮರದ ಹಿಡಿಯಿಂದ ಪ್ರತಿ ಬಿಲ್ಲೆಯನ್ನೂ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದುದಕ್ಕೆ ಸೀಮೆಸುಣ್ಣದ ಗುರುತು ಹಾಕಿ. ನಾಲ್ಕರಲ್ಲೊಂದು ಬಿಲ್ಲೆ ಟೊಳ್ಳಾಗಿದ್ದರೆ ಎಲ್ಲವನ್ನೂ ಕೀಳುವುದೇ ಲೇಸೆಂದು ನಮ್ಮ ಅಭಿಪ್ರಾಯ. ಶೀತ ತಿಳಿಯಲು ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹರಡಿ, ನಾಲ್ಕು ಅಂಚನ್ನೂ ಟೇಪಿನಿಂದ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಕೆಳಮೈಯಲ್ಲಿ ನೀರಹನಿ ಕಂಡರೆ ಶೀತ ಕೆಳಗಿನಿಂದ ಬರುತ್ತಿದೆಯೆಂದು ತಿಳಿಯಬೇಕು. ಬೇಸಿಗೆಯಲ್ಲಿ ನೆಲ ಒಣಗಿದಂತೆ ಕಂಡು ಮೋಸವಾಗಬಹುದು. ಆದುದರಿಂದ ಈ ಪರೀಕ್ಷೆಯನ್ನು ಜುಲೈ, ಆಗಸ್ಟ್ ತಿಂಗಳಲ್ಲಿ ಮಾಡಿ ಬರೆದಿಟ್ಟುಕೊಳ್ಳಿ. ಕೆಲಸವನ್ನು ಬೇಸಿಗೆಯಲ್ಲಿ ಹಿಡಿಯಿರಿ.

ದುರಸ್ತಿ: ಕೆಲವೇ ಬಿಲ್ಲೆ ಕೆಟ್ಟಿದ್ದರೆ ಅವನ್ನು ನಡುವಿನಿಂದ ಒಡೆದು ಅಂಚಿನತ್ತ ಬನ್ನಿ. ಅಂಚಿನಿಂದ ಮೀಟಿದರೆ ಪಕ್ಕದ ಗಟ್ಟಿ ಬಿಲ್ಲೆಯೂ ಸೀಳುತ್ತದೆ. ಒಡೆಯುವಾಗ ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಧರಿಸಿ. ಆ ಧೂಳು ಶ್ವಾಸಕೋಶಕ್ಕೆ ಕೆಡುಕು. ಪುಡಿಯಾದ ಗಾರೆಯನ್ನು ಕೆರೆದು ತೆಗೆದು, ಗುಂಡಿಯನ್ನು ತೊಳೆದು, ಸಿಮೆಂಟ್ ತಿಳಿ ಬಳಿದು, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆಯಿಂದ ಸಮಮಟ್ಟಕ್ಕೆ ತುಂಬಿ. ಏಳು ದಿನ ನೀರುಣಿಸಿ.

ಶೀತವಿದ್ದರೆ ಇಷ್ಟು ಸಾಲದು. ಮೊದಲು ಹೊರಗೆ ನೋಡಿ. ಮಾಡಿನ ನೀರು ಗೋಡೆಯ ಬುಡದಲ್ಲಿ ನಿಲ್ಲುತ್ತಿದ್ದರೆ ಚರಂಡಿ ತೋಡಿ ದೂರ ಹರಿಸಿ. ಬಳಿಕ ಒಳಗೆ ನೆಲ ಅಗೆದು ಮಣ್ಣನ್ನು ಗಟ್ಟಿಸಿ, ತೆಳುವಾಗಿ ಮರಳು ಹರಡಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚನ್ನು ಗೋಡೆಗೆ ಮಡಿಚಿ, ನಾಲ್ಕು ಅಂಗುಲ ಕಾಂಕ್ರೀಟ್ ಹಾಕಿಸಿ. ಮರಳಿಲ್ಲದಿದ್ದರೆ ಕೆಳಗಿನ ಕಲ್ಲು ಹಾಳೆಯನ್ನು ತೂತು ಮಾಡುತ್ತದೆ.

ಹೊಸ ನೆಲ: ಹಳೆಯ ಬಿಲ್ಲೆಗಳೆಲ್ಲ ಗಟ್ಟಿಯಾಗಿದ್ದರೆ ಅವುಗಳ ಮೇಲೆಯೇ ಹಾಸಬಹುದು. ಆಗ ಎಣ್ಣೆ, ಮಸಿಯನ್ನು ಸೋಡಾ ನೀರಿನಿಂದ ತೊಳೆದು, ನುಣುಪು ಮೈಯನ್ನು ಒರಟು ಮಾಡಿಸಿ. ವಿಟ್ರಿಫೈಡ್ ಟೈಲ್ಸ್ ನೀರು ಹೀರದ ಕಾರಣ ಬರೀ ಸಿಮೆಂಟಿಗೆ ಸರಿಯಾಗಿ ಕಚ್ಚುವುದಿಲ್ಲ; ಟೈಲ್ಸ್ ಅಂಟನ್ನೇ ಬಳಸಬೇಕು. ನೆಲ ಮುಕ್ಕಾಲು ಅಂಗುಲದಷ್ಟು ಏರುವುದರಿಂದ ಬಾಗಿಲು ತೆರೆಯುವುದೇ ಎಂದು ಮೊದಲೇ ಅಳೆಯಿರಿ. ನೀರು ಹೋಗುವ ಕಡೆಗೆ ಹತ್ತಡಿಗೆ ಒಂದಂಗುಲದಷ್ಟು ಇಳಿಜಾರು ಇರಲಿ. ರಸಮಟ್ಟ ಇಟ್ಟು ನೋಡಿ. ಮೈ ನುಣುಪಾದ ಟೈಲ್ಸ್ ಅಡುಗೆಮನೆಗೆ ಸಲ್ಲದು.

ವಿನೈಲ್ ಹಾಳೆ ಹಾಸುವವರು ಇನ್ನೂ ತಾಳ್ಮೆ ವಹಿಸಬೇಕು. ಹೊಸ ಕಾಂಕ್ರೀಟಿನ ಒಂದಂಗುಲ ದಪ್ಪಕ್ಕೆ ಒಂದು ತಿಂಗಳಾದರೂ ಒಣಗುವ ಕಾಲ ಬೇಕು. ಒಳಗೆ ಸಿಕ್ಕಿಬಿದ್ದ ತೇವ ಅಂಟನ್ನು ಬಿಡಿಸಿ ಹಾಳೆಯನ್ನು ಉಬ್ಬಿಸುತ್ತದೆ.

ಈ ಬೇಸಿಗೆಗೆ ಪರೀಕ್ಷೆ ಆಗಿರದಿದ್ದರೆ ಅವಸರ ಬೇಡ. ಎದ್ದ ಬಿಲ್ಲೆಗಳನ್ನಷ್ಟೇ ಈಗ ಕೂರಿಸಿ, ಒಂದು ಮಳೆಗಾಲ ನೆಲವನ್ನು ಗಮನಿಸಿರಿ. ಟೈಲ್ಸ್ ಅಂಗಡಿಗೆ ಹೋಗುವುದು ಆಮೇಲೆ.