‘ಹೋಮ್ಲಿ’ ಎಂಬ ವಿಶೇಷಣದ ಅರ್ಥಾಂತರಗಳು

ಇಂಗ್ಲಿಷಿನ ರೂಪವಾಚಕ ವಿಶೇಷಣಗಳಲ್ಲಿ ನಮ್ಮವರು ಸುಲಭವಾಗಿ ಎಡವುವುದು ‘ಹೋಮ್ಲಿ’ ಎಂಬಲ್ಲಿ. ಮನೆಗೆ ಸಂಬಂಧಿಸಿದುದು ಎಂಬ ಮೂಲಾರ್ಥದಿಂದ ಸರಳವಾದುದು, ಆಡಂಬರವಿಲ್ಲದುದು ಎಂಬ ಅರ್ಥವೂ, ಮುಖಕ್ಕೆ ಅನ್ವಯಿಸಿದಾಗ ಚೆಲುವಿಲ್ಲದುದು ಎಂಬ ಅರ್ಥವೂ ಹುಟ್ಟಿದವು. 1634ರಲ್ಲಿ ಪ್ರದರ್ಶಿತವಾದ ಮಿಲ್ಟನ್ ಕವಿಯ ‘ಕೋಮಸ್’ ರೂಪಕದಲ್ಲಿಯೇ ಈ ಕೊನೆಯ ಅರ್ಥವು ಕಾಣುತ್ತದೆ. ಇಂದು ಬ್ರಿಟನ್ನಿನಲ್ಲಿ ಈ ಶಬ್ದಕ್ಕೆ ಮನೆಯಂತೆ ಹಿತವಾದುದು ಎಂಬ ಅರ್ಥವೇ ಪ್ರಧಾನ. ಅಮೆರಿಕದಲ್ಲಿಯಾದರೋ, ವ್ಯಕ್ತಿಯ ವಿಷಯದಲ್ಲಿ, ರೂಪಹೀನತೆಯೇ ಅರ್ಥ. ನಮ್ಮ ವಧೂವರಾನ್ವೇಷಣೆಯ ಜಾಹೀರಾತುಗಳು ಮೂರನೆಯ ದಾರಿಯನ್ನು ಹಿಡಿದಿವೆ: ಅಲ್ಲಿ ‘ಹೋಮ್ಲಿ’ ಎಂದರೆ ಗೃಹಕೃತ್ಯದಲ್ಲಿ ನಿಪುಣೆ, ಸಂಪ್ರದಾಯಸ್ಥೆ. ಅರ್ಥಕ್ಕೆ ರೂಢಿಯೇ ಪ್ರಮಾಣವಾದುದರಿಂದ ಇದನ್ನು ಅಪಪ್ರಯೋಗವೆನ್ನಲು ನಾವು ಒಪ್ಪೆವು. ಆದರೆ ಅದೇ ಜಾಹೀರಾತನ್ನು ಅಮೆರಿಕದ ಓದುಗನೊಬ್ಬನು ಕಂಡರೆ, ತಂದೆಯೇ ಮಗಳ ರೂಪವನ್ನು ಪತ್ರಿಕೆಯಲ್ಲಿ ಹಳಿದಿರುವಂತೆ ಅವನಿಗೆ ತೋರೀತು.