ಅಧ್ಯಾಯ 5: ನುಣ್ಣನೆಯ ಊಟಕ್ಕೂ ಒಗ್ಗರಣೆ ಬೇಕು

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಊಟ ಹಂತ ಹಂತವಾಗಿ ಮರಳುತ್ತದೆ. ಮೊದಲು ನೀರು, ಸೋಸಿದ ತಿಳಿಸಾರು. ಆಮೇಲೆ ಮಜ್ಜಿಗೆ, ಕೆನೆ ತೆಗೆದ ಹಾಲು. ಸಾಮಾನ್ಯವಾಗಿ ಮೂರನೆಯ ವಾರದ ಹೊತ್ತಿಗೆ ನುಣ್ಣಗೆ ರುಬ್ಬಿದ ಊಟ. ದಿನಗಳ ಲೆಕ್ಕ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ರೀತಿ. ನಿಮ್ಮ ವೈದ್ಯರು ಕೊಟ್ಟ ಪಟ್ಟಿಯನ್ನೇ ಪಾಲಿಸಿ.

ಗಂಜಿಗಿಂತ ಬೇಳೆ ಮೊದಲು

ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಶೇ. 75–80ರಷ್ಟು ಭಾಗವನ್ನು ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯೊಂದನ್ನು ಉಳಿಸುತ್ತಾರೆ. ಬೈಪಾಸ್‌ನಲ್ಲಿ ಉಳಿಯುವುದು ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ. ಹೀಗಾಗಿ ಒಂದು ಹೊತ್ತಿಗೆ ಮೂರು ನಾಲ್ಕು ದೊಡ್ಡ ಚಮಚ ತಿಂದರೆ ಸಾಕು, ಹೊಟ್ಟೆ ತುಂಬುತ್ತದೆ. ಆದರೆ ಗಾಯ ಮಾಯಲು, ಸ್ನಾಯು ಕರಗದಿರಲು ದಿನಕ್ಕೆ 60–80 ಗ್ರಾಂ ಪ್ರೋಟೀನ್ ಬೇಕು.

ಕಾಯಿಲೆ ಬಿದ್ದವರಿಗೆ ಗಂಜಿ ಕೊಡುವುದು ನಮ್ಮ ರೂಢಿ. ಇಲ್ಲಿ ಅದು ಜಾಗ ತುಂಬಿಸುತ್ತದೆಯೇ ಹೊರತು ಪ್ರೋಟೀನ್ ಹೆಚ್ಚೇನೂ ಕೊಡುವುದಿಲ್ಲ. ಬೇಳೆ ಕಟ್ಟಿನ ಕಥೆಯೂ ಅಷ್ಟೇ: ರುಚಿ ಕಟ್ಟಿಗೆ ಇಳಿದರೂ ಪ್ರೋಟೀನಿನ ಬಹುಪಾಲು ಬೇಳೆಯಲ್ಲೇ ಉಳಿಯುತ್ತದೆ. ಆದ್ದರಿಂದ ಬೇಳೆಯನ್ನೇ ಚೆನ್ನಾಗಿ ಬೇಯಿಸಿ ರುಬ್ಬಬೇಕು. 30 ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 7 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಸಾಲದ್ದನ್ನು ವೈದ್ಯರು ಹೇಳಿದ ಪ್ರೋಟೀನ್ ಪುಡಿಯಿಂದ ತುಂಬಿಸಬೇಕು. ಪುಡಿಯನ್ನು ಕುದಿಯುವ ಸಾರಿಗೆ ಹಾಕಿದರೆ ಗಂಟಾಗುತ್ತದೆ. ಉಗುರುಬೆಚ್ಚಗಾದ ಮೇಲೆ ಕದಡಿ.

ರುಚಿ ಬರುವ ದಾರಿ

ಸಪ್ಪೆ ಮುದ್ದೆಯನ್ನೇ ದಿನವೂ ಮುಂದಿಟ್ಟರೆ ಮನಸ್ಸು ಐಸ್‌ಕ್ರೀಮಿನ ಕಡೆ ಓಡುತ್ತದೆ. ಅದು ಸಲೀಸಾಗಿ ಇಳಿಯುತ್ತದೆ, ನಿಜ. ಆದರೆ ಬೈಪಾಸ್ ಆದವರಲ್ಲಿ ಸಕ್ಕರೆ ಒಮ್ಮೆಲೇ ಸಣ್ಣ ಕರುಳಿಗೆ ಧುಮುಕಿ ಬೆವರು, ಎದೆಬಡಿತ, ಭೇದಿ ತರಬಹುದು. ಹಾಗಾಗಿ ರುಚಿಯೂ ಪಥ್ಯದ ಒಂದು ಭಾಗವೇ.

ಸಾಸಿವೆ, ಕರಿಬೇವು, ಮೆಣಸಿನಕಾಯಿ ಸಿಪ್ಪೆ ಈಗ ಗಂಟಲಿಳಿಯಬಾರದು, ಪರಿಮಳ ಮಾತ್ರ ಇಳಿಯಬಹುದು. ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ಇಂಗು, ಕರಿಬೇವು ಹಾಕಿ ಒಗ್ಗರಣೆ ಮಾಡಿ, ಜರಡಿಯಲ್ಲಿ ಸೋಸಿ ತೊವ್ವೆಗೆ ಬೆರೆಸಿ. ಇನ್ನಷ್ಟು ಬಗೆಗಳು:

- ಸಿಹಿಗುಂಬಳ ಮತ್ತು ಹೆಸರುಬೇಳೆ ಬೇಯಿಸಿ ರುಬ್ಬಿ, ಶುಂಠಿ ರಸ ಬೆರೆಸಿದ್ದು.
- ಸಿಪ್ಪೆ, ಬೀಜ ತೆಗೆದ ಸೋರೆಕಾಯಿಯನ್ನು ಬೇಯಿಸಿ ಪನೀರ್ ಜೊತೆ ರುಬ್ಬಿದ್ದು.
- ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿಗೆ ಹುರಿದ ಜೀರಿಗೆಯ ನುಣ್ಣನೆ ಪುಡಿ, ಚಿಟಿಕೆ ಉಪ್ಪು.
- ಮುಳ್ಳು ತೆಗೆದ ಮೀನು ಅಥವಾ ಮೆತ್ತಗೆ ಬೆಂದ ಕೋಳಿಮಾಂಸವನ್ನು ಅದರದೇ ಸಾರಿನಲ್ಲಿ ರುಬ್ಬಿದ್ದು.

ಎಲ್ಲವೂ ಗಟ್ಟಿ ಮೊಸರಿನ ಹದಕ್ಕೆ ಬರಲಿ. ನುಗ್ಗೆಕಾಯಿ, ಹುರುಳಿಕಾಯಿಯ ನಾರು ಮಿಕ್ಸಿಗೂ ಬಗ್ಗುವುದಿಲ್ಲ. ಸದ್ಯಕ್ಕೆ ಅವು ಬೇಡ. ಒಮ್ಮೆ ಮಾಡಿದ್ದನ್ನು ಐಸ್ ಟ್ರೇಯಲ್ಲಿ ಹಾಕಿ ಫ್ರೀಜರ್‌ನಲ್ಲಿಟ್ಟರೆ, ಹೊತ್ತಿಗೆ ಬೇಕಾದಷ್ಟನ್ನೇ ಬಿಸಿ ಮಾಡಿಕೊಳ್ಳಬಹುದು.

ತಿನ್ನುವ ಕ್ರಮ

ಸಣ್ಣ ಚಮಚದಲ್ಲಿ, 20–30 ನಿಮಿಷ ನಿಧಾನವಾಗಿ ತಿನ್ನಿ. ಊಟದ ಜೊತೆ ನೀರು ಬೇಡ. ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ. ಎದೆ ಒತ್ತಿದಂತಾದರೆ, ಬಿಕ್ಕಳಿಕೆ ಬಂದರೆ, ಮೂಗು ಸೋರತೊಡಗಿದರೆ ಹೊಟ್ಟೆ ತುಂಬಿದೆ ಎಂದೇ ಅರ್ಥ. ತಟ್ಟೆಯಲ್ಲಿ ಎರಡು ಚಮಚ ಉಳಿದರೂ ಅಲ್ಲಿಗೇ ನಿಲ್ಲಿಸಿ.

ವಾಂತಿ ನಿಲ್ಲದಿದ್ದರೆ ಕಾಯಬೇಡಿ. ದೇಹದಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬೇಗ ಬರಿದಾಗಿ ನರಗಳಿಗೆ ಪೆಟ್ಟು ಬೀಳಬಹುದು. ಜ್ವರ, ತೀವ್ರ ಹೊಟ್ಟೆನೋವು, ಏರಿದ ನಾಡಿಬಡಿತ ಕಂಡರೆ ಆಗಲೇ ಆಸ್ಪತ್ರೆಗೆ ಹೋಗಿ.

ಈ ಹಂತ ದಾಟಿದವರಿಗೆ ಮೆತ್ತನೆಯ ಊಟ. ಆಗ ಕಲಿಯಬೇಕಾದದ್ದು ಅಗಿಯುವುದನ್ನು. ರಾಗಿಮುದ್ದೆಯನ್ನು ಅಗಿಯದೆ ನುಂಗಿ ಬೆಳೆದವರಿಗೆ ಇದೇ ಕಷ್ಟದ ಪಾಠ. ಪುಟ್ಟ ಜಠರಕ್ಕೆ ನುಂಗಿದ ತುತ್ತು ಒಗ್ಗುವುದಿಲ್ಲ. ವೈದ್ಯರು ಒಪ್ಪಿಗೆ ಕೊಡುವವರೆಗೂ ಮುದ್ದೆ ದೂರವಿರಲಿ.